ಮಿಸಾವೊ ಅಕ್ಕ ಬರೆದ ಮದುವೆ ಚಿತ್ರ

ನಮ್ಮ ಕೆಳಗಿನ ಮನೆಯ ಮಿಸಾವೊ ಅಕ್ಕ ಮುಖ ಕದಿಯುವವಳು. ತೋಫು ಅಂಗಡಿಯವನ ಹುಬ್ಬು ಅವಳ ಕೈಯಲ್ಲಿ ಒಬ್ಬ ಮಹಾವೀರನ ಹುಬ್ಬಾಗಿದೆ. ಅಂಚೆಯವಳ ಗಲ್ಲದ ಗುಳಿ ಯಾವಳೋ ಮಂತ್ರವಾದಿನಿಗೆ ಹೋಗಿದೆ. ಬೈಯುವಾಗ ಒಂದು ಬದಿಗೆ ಸೊಟ್ಟಗಾಗುವ ನನ್ನ ಅತ್ತೆಯ ಬಾಯಿ ಒಂದು ರಕ್ಕಸಿಯ ಮೋರೆಯ ಮೇಲೆ ಕೂತು, ಸೆಂದಾಯ್ ಪಟ್ಟಣದ ಒಬ್ಬ ವಿದ್ಯಾರ್ಥಿಯ ಕೋಣೆಯಲ್ಲಿ ತೂಗುತ್ತಿದೆ. ಅತ್ತೆಗೆ ಇನ್ನೂ ಗೊತ್ತಿಲ್ಲ.

"ಇಲ್ಲದ ಮುಖ ಎಲ್ಲಿಂದ ತರ್ಲಿ ಚಿಗು? ಕಣ್ಣಿಗೆ ಬಿದ್ದಿದ್ದೇ ಕೈಗೆ ಬರೋದು" ಎನ್ನುತ್ತಾಳೆ.

ನನ್ನ ಹೆಸರು ಚಿಗುಸಾ. ಚಿಗು ಎಂದು ಕರೆಯುತ್ತಿದ್ದವಳು ನನ್ನ ಅಮ್ಮ. ಅವಳು ಹೋದ ಮೇಲೆ ಹಾಗೆ ಕರೆಯುವವಳು ಮಿಸಾವೊ ಅಕ್ಕ ಒಬ್ಬಳೇ.

ಅವಳಿಗೆ ಮೂವತ್ತೇಳು. ಮದುವೆಯಾಗಿಲ್ಲ. ಯಾರಾದರೂ ಆ ಮಾತೆತ್ತಿದರೆ, "ತಿಂಗಳಿಗೆ ನಾಲ್ಕು ಮದುವೆ ಮಾಡಿಸ್ತೀನಿ, ಸಾಲದಾ?" ಎಂದು ನಗುತ್ತಾಳೆ. ಅವಳ ಅಪ್ಪ ನಮ್ಮ ತೆಂದೊ ಊರಿನ ಹಳೆಯ ಕಸುಬಿನವರು. ಶೋಗಿ ಚದುರಂಗದ ಮರದ ಕಾಯಿಗಳ ಮೇಲೆ ಕಪ್ಪು ಅರಗಿನಲ್ಲಿ ಅಕ್ಷರ ಬರೆಯುತ್ತಿದ್ದರು. ಮಗಳೂ ಹತ್ತು ವರ್ಷ ಅದನ್ನೇ ಮಾಡಿದಳು. ಆಮೇಲೆ ಅರಗು ಮೈಗೆ ಒಗ್ಗದೆ ಮೊಣಕೈಯವರೆಗೆ ಗುಳ್ಳೆ ಎದ್ದು, ಕುಂಚ ಬಿಟ್ಟು, ಕಂಪ್ಯೂಟರಿನ ಗಾಜಿನ ಹಲಗೆಯ ಮೇಲೆ ಚಿತ್ರ ಬರೆಯಲು ಕೂತಳು. ಈಗ ಅವಳ ಬದುಕು ಅದೇ. ವೀಡಿಯೊ ಆಟ ಆಡುವವರು ತಮ್ಮ ಪಾತ್ರದ ಚಿತ್ರ ಬರೆದುಕೊಡಿ ಎಂದು ಆರ್ಡರ್ ಕೊಡುತ್ತಾರೆ. ಅಕಿತಾದ ಒಬ್ಬ ಬಸ್ ಚಾಲಕ, ಒಬ್ಬಳು ಹಲ್ಲಿನ ಡಾಕ್ಟರು, ಪರೀಕ್ಷೆಯಲ್ಲಿ ಫೇಲಾದ ಹುಡುಗಿ. ಯಾರೂ "ನನ್ನ ಗೊಂಬೆಯನ್ನು ಬರೆಯಿರಿ" ಎನ್ನುವುದಿಲ್ಲ. "ನನ್ನನ್ನು ಬರೆಯಿರಿ" ಎನ್ನುತ್ತಾರೆ. "ನಾನು ಸೇತುವೆಯ ಮೇಲೆ ನಿಂತಿರಬೇಕು, ಗಾಳಿ ಎಡದಿಂದ ಬೀಸುತ್ತಿರಬೇಕು, ನನ್ನ ಜೊತೆಗಾರ ಸ್ವಲ್ಪ ಹಿಂದೆ ಇರಲಿ, ಆದರೆ ತುಂಬ ಹಿಂದೆ ಬೇಡ." ಜೊತೆಯಾಗಿ ಬಹಳ ದಿನ ಆಡಿದ ಇಬ್ಬರು ಆಟದೊಳಗೇ ಮದುವೆ ಮಾಡಿಕೊಳ್ಳುವ ರೂಢಿಯೂ ಇದೆ. ಹಾಗಾಗಿ ಅವಳಿಗೆ ಬರುವ ಆರ್ಡರುಗಳಲ್ಲಿ ಅರ್ಧಕ್ಕರ್ಧ ಮದುವೆ ಚಿತ್ರಗಳೇ.

ನನ್ನನ್ನು ಆಟಕ್ಕೆ ಎಳೆದವಳೂ ಅವಳೇ. ನನ್ನ ಮಗಳು ಉತಾ ಹುಟ್ಟಿದ ವರ್ಷ ನಾನು ಈ ನಾಲ್ಕು ಗೋಡೆಯ ನಡುವೆ ಅರ್ಧ ಹುಚ್ಚಿಯಾಗಿದ್ದೆ. ಗಂಡನದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ಕೆಲಸ. ಒಂದು ಶನಿವಾರ ಬೆಳಿಗ್ಗೆ ಮಿಸಾವೊ ಅಕ್ಕ ಮೇಲೆ ಬಂದು ಬಾಗಿಲಲ್ಲೇ ನಿಂತು, "ಮಗು ಮಲಗ್ತಾ? ಹಂಗಾದ್ರೆ ಬಾ, ದೀಪ ಹಿಡಿ" ಅಂದಳು.

ಆ ಆಟದ ಹೆಸರು ಏಳು ಕಣಿವೆ. ಅದರಲ್ಲಿ ಒಬ್ಬರ ಮೇಲೊಬ್ಬರು ಗೆಲ್ಲುವ ಮಾತಿಲ್ಲ. ದೀಪದವಳು ಕತ್ತಿ ಹಿಡಿಯುವಂತಿಲ್ಲ. ಅವಳ ಬೆಳಕಿನ ವೃತ್ತದೊಳಗೆ ನಿಂತು ಉಳಿದವರು ಕಾದಾಡಬೇಕು. ಯಾರಾದರೂ ಬಿದ್ದರೆ ಇನ್ನೊಬ್ಬರು ಆಯುಧ ಕೆಳಗಿಟ್ಟು, ಬಿದ್ದವರ ಎದೆಯ ಮೇಲೆ ಕೈಯಿಟ್ಟು, ಹತ್ತು ಎಣಿಸುವಷ್ಟು ಹೊತ್ತು ಅಲುಗದೆ ಕೂರಬೇಕು. ಆಗ ಅವರು ಏಳುತ್ತಾರೆ. ಕಣಿವೆಯ ಕೊನೆಗೆ ಕಲ್ಲಿನ ಬಾಗಿಲು. ಮೂವರ ಕೈ ಒಟ್ಟಿಗೆ ಬೀಳದೆ ಅದು ತೆರೆಯುವುದಿಲ್ಲ. ಬಿಟ್ಟು ಮುಂದೆ ಹೋಗುತ್ತೇನೆ ಎಂದರೆ ಹೋಗಲಿಕ್ಕಾಗುವುದಿಲ್ಲ. ಹಿಂದುಳಿದವನು ಬರುವವರೆಗೂ ಎಲ್ಲರೂ ಬಾಗಿಲ ಬಳಿ ನಿಂತು ಕಾಯಬೇಕು. ಮನೆಯಲ್ಲಿ ಬಿದ್ದವರನ್ನೆಲ್ಲ ಎತ್ತುವವಳು ನಾನು. ಅಲ್ಲಿ ನಾನು ಬಿದ್ದರೂ ಎತ್ತಲು ಯಾರಾದರೂ ಇರುತ್ತಿದ್ದರು. ಅಷ್ಟಕ್ಕೇ ನನಗೆ ಆ ಆಟ ಬೇಕಾಗಿತ್ತು. ನನ್ನ ದೀಪದವಳಿಗೆ ಚಿಗು ಎಂದು ಹೆಸರಿಟ್ಟೆ. ಹಳದಿ ಹುಲ್ಲು ಟೊಪ್ಪಿ, ಎಡಗೆನ್ನೆಯಲ್ಲಿ ಒಂದು ಮಚ್ಚೆ. ಮಚ್ಚೆ ನನಗೂ ಅಲ್ಲೇ ಇದೆ.

ನಾವು ಇಬ್ಬರು, ಬಾಗಿಲಿಗೆ ಮೂವರು ಬೇಕು. ಹಾಗಾಗಿ ಪ್ರತಿ ಸಲ ಯಾರೋ ಅಪರಿಚಿತರು ಬಂದು ಸೇರಿಕೊಳ್ಳುತ್ತಿದ್ದರು. ಈ ಮಾರ್ಚಿನಿಂದ ಶನಿವಾರ ಶನಿವಾರ ಅದೇ ಒಬ್ಬ ಬರತೊಡಗಿದ. ಬೂದಿ ಬಣ್ಣದ ನಿಲುವಂಗಿಯ ಬಿಲ್ಲುಗಾರ. ಮಾತಿಲ್ಲ, ನಮಸ್ಕಾರವಿಲ್ಲ. ಮುದುಕರಂತೆ ನಿಧಾನ ನಡೆಯುತ್ತಿದ್ದ. ಬಿಲ್ಲು ಎತ್ತಿದ್ದನ್ನೇ ನಾವು ನೋಡಿರಲಿಲ್ಲ.

"ಇವನು ಕಾದಾಡೋಕೆ ಬಂದಿದಾನೋ, ಗಾಳಿ ಸೇವನೆಗೆ ಬಂದಿದಾನೋ?" ಎಂದು ನಾನು ರೇಗಿದರೆ ಮಿಸಾವೊ ಅಕ್ಕ, "ಇರ್ಲಿ ಬಿಡೆ, ಬಾಗಿಲಿಗೆ ಒಂದು ಕೈ ಆಯ್ತಲ್ಲ. ನಮ್ಮ ಬೂದಿ ಅಣ್ಣ" ಎಂದಳು.

ಏಪ್ರಿಲಿನಲ್ಲಿ ಒಮ್ಮೆ ಜೌಗಿನಲ್ಲಿ ನಾನು ಬಿದ್ದೆ. ಮಿಸಾವೊ ಅಕ್ಕ ದೂರವಿದ್ದಳು. ದೀಪ ಇನ್ನೇನು ಆರಬೇಕು, ಆಗ ಬೂದಿ ಅಣ್ಣ ಓಡಿ ಬಂದ. ಅವನು ಓಡಿದ್ದನ್ನು ಅದೇ ಮೊದಲು ನೋಡಿದ್ದು. ಬಿಲ್ಲು ನೆಲಕ್ಕಿಟ್ಟು, ನನ್ನ ಎದೆಯ ಮೇಲೆ ಕೈಯಿಟ್ಟು, ಸುತ್ತ ಮೃಗಗಳು ಬರುತ್ತಿದ್ದರೂ ಹತ್ತು ಎಣಿಸುವವರೆಗೆ ಕೂತ. ಆ ಬೆಳಿಗ್ಗೆಯೆಲ್ಲ ನನ್ನ ಮನಸ್ಸು ಹಗುರವಾಗಿತ್ತು. ದಿನಕ್ಕೆ ಎರಡು ಸಾಲು ಬರೆದಿಡುವ ಪುಸ್ತಕದಲ್ಲಿ, ಉತಾ ಎಷ್ಟು ಉಂಡಳು ಎನ್ನುವುದರ ಕೆಳಗೆ, ಅದನ್ನೂ ಬರೆದೆ.

ಆ ಪುಸ್ತಕ ಇದ್ದುದರಿಂದಲೇ ಮುಂದಿನವುಗಳ ತಾರೀಖು ಹೇಳಬಲ್ಲೆ. ಮೇ ಹದಿನೆಂಟು: "ಮಧ್ಯಾಹ್ನ ಮಗುವಿನ ಜೊತೆ ಮಲಗಿದ್ದೆ. ಎಚ್ಚರವಾದಾಗ ಹೊರಬಾಗಿಲ ಬಳಿ ನಿಂತಿದ್ದೆ, ಒಂದು ಕಾಲಿಗೆ ಶೂ." ಮೇ ಇಪ್ಪತ್ತೆಂಟು: "ಮತ್ತೆ ಹಾಗೇ. ಕೈ ಚಿಲಕದ ಮೇಲಿತ್ತು." ಜೂನಿನ ಸೆಕೆಯಲ್ಲೂ ನನ್ನ ಅಂಗಾಲು ಒದ್ದೆ ಹಿಮದ ಮೇಲೆ ನಿಂತ ಹಾಗೆ ಕೊರೆಯುತ್ತಿತ್ತು, ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದೆ. ಡಾಕ್ಟರು ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟರು.

ಬೂದಿ ಅಣ್ಣನೂ ಬದಲಾಗಿದ್ದ. ಮೊದಲೆಲ್ಲ ನಾವು ಬಂದ ಮೇಲೆ ಬರುತ್ತಿದ್ದವನು ಈಗ ನಮಗಿಂತ ಮುಂಚೆಯೇ ಬಾಗಿಲ ಬಳಿ ಇರುತ್ತಿದ್ದ. ಜೂನಿನ ಒಂದು ಮಂಗಳವಾರ, ಮಧ್ಯಾಹ್ನ ಮೂರಕ್ಕೆ, ಬೇಸರವಾಗಿ ನಾನೊಬ್ಬಳೇ ಆಟ ತೆರೆದೆ. ಅವನು ಅಲ್ಲಿದ್ದ. ಬಾಗಿಲ ಕಡೆಗಲ್ಲ, ನನ್ನ ಕಡೆಗೆ ಮುಖ ಮಾಡಿ ನಿಂತಿದ್ದ. ಇದ್ದವರು ಇಬ್ಬರೇ. ಆದರೂ ಅವನ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಆಚೆ ಕಣಿವೆ ಕಾಣಲಿಲ್ಲ, ಬರಿಯ ಬಿಳುಪು. ನಾನು ಪ್ಲಗ್ ಕಿತ್ತೆ.

"ಆಟದಲ್ಲೇ ಏನೋ ದೋಷ ಇರ್ಬೇಕು, ಕಂಪನಿಯೋರು ಸರಿಮಾಡ್ತಾರೆ ಬಿಡು" ಎಂದಳು ಮಿಸಾವೊ ಅಕ್ಕ. ನಾನೂ ನಂಬಿದೆ. ಉತಾಳ ಬಟ್ಟೆ ಒಗೆಯುವುದಿತ್ತು.

ಜುಲೈ ಮೊದಲ ಭಾನುವಾರ ಮಾವನವರ ಏಳನೆಯ ವರ್ಷದ ಪೂಜೆ. ಅತ್ತೆ, ನಾನು, ಉತಾ ಬೆಟ್ಟದ ಮೇಲಿನ ದೇವಾಲಯಕ್ಕೆ ಹೋದೆವು. ಪೂಜೆ ಮುಗಿದ ಮೇಲೆ ಅತ್ತೆ ಭಿಕ್ಷುವಿನ ಜೊತೆ ಮಾತಿಗೆ ನಿಂತರು. ನಾನು ಉತಾಳನ್ನು ಸೊಂಟದಲ್ಲಿಟ್ಟುಕೊಂಡು ಒಳಗಿನ ಹಜಾರದಲ್ಲಿ ತಿರುಗಾಡಿದೆ. ಅಲ್ಲಿ ಗೋಡೆ ತುಂಬ ಮದುವೆ ಚಿತ್ರಗಳು. ಮದುವೆಗೆ ನಮ್ಮ ಕಡೆ ಮುಕಸಾರಿ ಎನ್ನುತ್ತೇವೆ. ಮದುವೆಯಾಗದೆ ಸತ್ತ ಮಕ್ಕಳಿಗೆ ತಂದೆತಾಯಿ ಮಾಡಿಸುವ ಮುಕಸಾರಿ ಅವು. ಹಲಗೆಯ ಮೇಲೆ ಬರೆದ ಹಳೆಯವು, ಫ್ರೇಮು ಹಾಕಿದ ಹೊಸವು. ಯುದ್ಧದಲ್ಲಿ ಹೋದ ಸೈನಿಕ, ಶಾಲೆಯ ಹುಡುಗಿ, ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ಜೊತೆಗಾರ. ಚಿಕ್ಕಂದಿನಿಂದ ನೋಡಿದ್ದೇ. ಹೆದರಿಕೆಯೇನಿರಲಿಲ್ಲ.

ಉತಾ ಬೆರಳು ತೋರಿಸಿ, "ಅಮ್ಮ" ಎಂದಳು.

"ಅಮ್ಮ ಇಲ್ಲೇ ಇದೀನಲ್ಲೇ."

"ಅಮ್ಮ, ಅಲ್ಲಿ" ಎಂದಳು ಮತ್ತೆ.

ಹೊಸ ಫ್ರೇಮು. ಒಳಗೆ ಬೂದಿ ನಿಲುವಂಗಿಯ ಮೇಲೆ ಮನೆತನದ ಮುದ್ರೆಯಿದ್ದ ಮದುವೆಯ ಕರಿ ಉಡುಪು ತೊಟ್ಟ ಬಿಲ್ಲುಗಾರ. ಅವನ ಪಕ್ಕದಲ್ಲಿ ಬಿಳಿ ಮುಸುಕಿನ ಮದುಮಗಳು, ಕೈಯಲ್ಲಿ ದೀಪ, ಮುಸುಕಿನ ಅಂಚಿನಲ್ಲಿ ಹಳದಿ ಹುಲ್ಲು, ಎಡಗೆನ್ನೆಯಲ್ಲಿ ಮಚ್ಚೆ. ಕೆಳಗೆ ಎರಡು ಹೆಸರು. ಅಬಿಕೊ ಕಿಯೊತಾಕಾ, ಇಪ್ಪತ್ತಾರು. ಚಿಗು, ಇಪ್ಪತ್ತೊಂಬತ್ತು. ಅಕ್ಷರದ ಕೊಂಡಿ ಕೊನೆಯಲ್ಲಿ ಉಬ್ಬಿ ನಿಲ್ಲುವ ಆ ಬರವಣಿಗೆ ಈ ಊರಿನಲ್ಲಿ ಯಾರ ಕೈಯದೆಂದು ನನಗೆ ಗೊತ್ತಿತ್ತು. ಮೂಲೆಯಲ್ಲಿ ತೂಗುಹಾಕಿದ ದಿನ: ಮೇ ಹದಿನೇಳು.

ಅತ್ತೆ ಯಾವಾಗ ಬಂದು ಹಿಂದೆ ನಿಂತರೋ. ನನ್ನ ಮಣಿಕಟ್ಟು ಹಿಡಿದರು.

"ಯಾರೇ ಅದು?"

"ಏನಿಲ್ಲ ಅತ್ತೆ, ಆಟದ್ದು. ಟಿ.ವಿ.ಲಿ ಆಡ್ತೀವಲ್ಲ, ಅದರ ಗೊಂಬೆ."

"ಆಟದ್ದೋ ಊಟದ್ದೋ. ಹೆಸರು ನಿಂದು, ವಯಸ್ಸು ನಿಂದು, ಮಚ್ಚೆ ನಿಂದು. ಹೊಟ್ಟೇಲಿ ಹುಟ್ಟಿದ ಮಗೂನೇ ಅಮ್ಮ ಅಂತ ಗುರುತು ಹಿಡೀತು. ಅವನಿಗೆ ಇನ್ನೇನು ಗುರುತು ಬೇಕು?" ಅತ್ತೆಯ ಬಾಯಿ ಸೊಟ್ಟಗಾಗಿರಲಿಲ್ಲ, ಗಟ್ಟಿ ಮುಚ್ಚಿಕೊಂಡಿತ್ತು. ಹೊರಗೆ ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಹೇಳಿದರು: "ಸತ್ತೋನ ಪಕ್ಕ ಬರೆಯೋ ಹೆಣ್ಣು ಎಲ್ಲೂ ಇಲ್ದೋಳಾಗಿರ್ಬೇಕು ಕಣೆ. ಬದುಕಿರೋಳನ್ನ ಬರೆದ್ರೆ ಕರ್ಕೊಂಡು ಹೋಗ್ತಾನೆ. ನೀನು ಸಣ್ಣೋಳಿದ್ದಾಗ ಯಾರೂ ಹೇಳಿಲ್ವಾ?"

ಹೇಳಿದ್ದರು. ಎಲ್ಲ ಮಕ್ಕಳಿಗೂ ಹೇಳುತ್ತಾರೆ. ನಾನು ಶೂಗಳ ವಿಷಯ ಅತ್ತೆಗೆ ಹೇಳಿದೆ. ಅವರು ಉತಾಳನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ದಾರಿಗಡ್ಡವಾಗಿ ತಾವು ಕೂತರು.

ಮಿಸಾವೊ ಅಕ್ಕನಿಗೆ ವಿಷಯ ಹೇಳಿದಾಗ ಅವಳು ನೂಡಲ್ಸ್ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸುವುದನ್ನು ಮರೆತಳು.

"ಸತ್ತೋನಾ? ಬೂದಿ ಅಣ್ಣ ಸತ್ತೋನಾ?"

"ದೇವಾಲಯದ ಗೋಡೆ ಮೇಲೆ ಬದುಕಿರೋರನ್ನ ತೂಗುಹಾಕ್ತಾರಾ ಅಕ್ಕ?"

ಅವಳು ಆರ್ಡರಿನ ಪತ್ರ ತೆಗೆದು ತೋರಿಸಿದಳು. ಏಪ್ರಿಲಿನ ಕೊನೆಯಲ್ಲಿ ಬಂದದ್ದು. "ಈ ಬಿಲ್ಲುಗಾರನನ್ನು ಮದುವೆಯ ಉಡುಪಿನಲ್ಲಿ ಬರೆದುಕೊಡಿ. ಹೆಸರು ಕಿಯೊತಾಕಾ, ವಯಸ್ಸು ಇಪ್ಪತ್ತಾರು. ಪಕ್ಕದಲ್ಲಿ ಒಬ್ಬ ಮದುಮಗಳು. ಆಕೆಯನ್ನು ಸಂಪೂರ್ಣ ತಾವೇ ಕಲ್ಪಿಸಿ ಬರೆಯಬೇಕು. ಆಕೆಯ ಹೆಸರು, ವಯಸ್ಸೂ ತಾವೇ ಕೊಡಬೇಕು. ಸಂತೋಷದ ಚಿತ್ರವಾಗಿರಲಿ." ಕೆಳಗೆ ಅಬಿಕೊ ಎಂಬ ಸಹಿ, ವಿಳಾಸ.

"ನಮ್ಮ ಬೂದಿ ಅಣ್ಣನೇ ಆರ್ಡರ್ ಕೊಟ್ಟಿದಾನೆ ಅಂದ್ಕೊಂಡೆ ಚಿಗು. ಪ್ರತಿ ಶನಿವಾರ ನಿನ್ನ ಪಕ್ಕ ನಿಂತಿರ್ತಾನೆ, ನೀನು ಬಿದ್ದಾಗ ಎತ್ತಿದಾನೆ, ಬಾಯಿಬಿಟ್ಟು ಕೇಳೋಕೆ ನಾಚಿಕೆ, ಅದಕ್ಕೆ ಕಲ್ಪಿಸಿ ಅಂತಾನೆ ಅಂತ ನಾನೇ ಊಹೆ ಮಾಡ್ಕೊಂಡೆ. ಗಿರಾಕಿ ಹೇಳಿದ್ದಕ್ಕಿಂತ ನಂಗೇ ಜಾಸ್ತಿ ಗೊತ್ತು ಅನ್ನೋ ಕೊಬ್ಬು. ಆಗಸ್ಟಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಒಂದು ಪ್ರಿಂಟ್ ಕೊಟ್ಟು ನಗಿಸೋಣ ಅಂತ ನಿಂಗೂ ಹೇಳ್ಲಿಲ್ಲ." ಅವಳು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಹೆಸರನ್ನ ಕುಂಚದಲ್ಲಿ ಬರೆದೆ. ಅಪ್ಪನ ಅಕ್ಷರ ಬೇಕು ಅನ್ನಿಸ್ತು."

ಅಳಲು ಬಿಡಲಿಲ್ಲ ನಾನು. ಅಳುತ್ತಾ ಕೂತರೆ ಚಿತ್ರ ಇಳಿಯುತ್ತದೆಯೇ? ಭಿಕ್ಷುವನ್ನು ಕೇಳಿದ್ದಾಗಿತ್ತು: ಹರಕೆ ಕೊಟ್ಟವರು ಬಂದು ಹೇಳದೆ ಇಳಿಸುವಂತಿಲ್ಲ. ಅಂದರೆ ಸಹಿ ಹಾಕಿದ ಆ ಅಬಿಕೊ ಮನೆಯವರು ಒಪ್ಪಬೇಕು. ಒಪ್ಪದಿದ್ದರೆ, ಯಾವುದೋ ಒಂದು ಮಧ್ಯಾಹ್ನ ಎರಡೂ ಕಾಲಿಗೆ ಶೂ ಹಾಕಿಕೊಂಡು ನಾನು ಬಾಗಿಲು ದಾಟುತ್ತೇನೆ, ಒಳಗೆ ಉತಾ ಒಬ್ಬಳೇ ಏಳುತ್ತಾಳೆ.

ಮಂಗಳವಾರ ಪಕ್ಕದ ಸಗಾಯೆ ಊರಿಗೆ ಹೋದೆವು. ಉತಾಳನ್ನು ಬಿಟ್ಟು ಹೋಗಲು ನನಗೆ ಧೈರ್ಯವಾಗಲಿಲ್ಲ. ಹೊರಡುವಾಗ ಅತ್ತೆ, "ಅಲ್ಲಿ ನೀರು ಕುಡೀಬೇಡ. ಹೆಸರು ಹೇಳ್ಬೇಡ. ಕೊಟ್ಟಿದ್ದು ತಗೋಬೇಡ" ಎಂದು ಮೂರು ಸಲ ಹೇಳಿದರು. ಉತಾಳ ಅಂಗಿಯೊಳಗೆ ತಮ್ಮ ಜಪಮಾಲೆ ತುರುಕಿದರು.

ಆರ್ಡರ್ ಕೊಟ್ಟವರು ಕಿಯೊತಾಕಾನ ತಾಯಿ. ಆ ಅಬಿಕೊ ಅಮ್ಮನದು ಇಸ್ತ್ರಿ ಅಂಗಡಿ. ತೂಗುಹಾಕಿದ ಷರ್ಟುಗಳ ನಡುವಿನಿಂದ ಅರವತ್ತು ದಾಟಿದ ಚಿಕ್ಕ ಹೆಂಗಸೊಬ್ಬರು ಹೊರಬಂದರು. ಚಿತ್ರ ಬರೆದವಳು ತಾನು ಎಂದು ಮಿಸಾವೊ ಅಕ್ಕ ಬಗ್ಗಿ ನಮಸ್ಕರಿಸಿದ್ದೇ ತಡ, ಅವರ ಮುಖ ಅರಳಿತು.

"ಅಯ್ಯೋ, ನೀವಾ! ಬನ್ನಿ ಬನ್ನಿ. ಎಷ್ಟು ಎಳೇ ವಯಸ್ಸು ನಿಮ್ದು. ಅಕ್ಷರ ನೋಡಿ ಯಾರೋ ಮುದುಕರು ಅಂದ್ಕೊಂಡಿದ್ದೆ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಮಗನ ಕೋಣೆ. ಮೂಲೆಯಲ್ಲಿ ಟಿ.ವಿ. ಹಾಕಿತ್ತು, ಪರದೆಯ ಮೇಲೆ ಕಲ್ಲಿನ ಬಾಗಿಲು, ಅದರ ಮುಂದೆ ಬೂದಿ ಅಣ್ಣ. ಉತಾ ನನ್ನ ತೊಡೆಯ ಮೇಲಿನಿಂದಲೇ "ಮಾಮ" ಎಂದಳು. ನಾನು ಅವಳ ಬಾಯಿ ಮುಚ್ಚಿದೆ.

"ಎರಡು ವರ್ಷ ಆಯ್ತು" ಎಂದರು ಅಬಿಕೊ ಅಮ್ಮ. "ಫೆಬ್ರವರೀಲಿ ಚಾವಣಿ ಮೇಲಿನ ಹಿಮ ತೆಗೆಯೋಕೆ ಹತ್ತಿದ. ಒಬ್ಬನೇ ಹತ್ತಬೇಡ, ಎದುರು ಮನೆಯೋರು ಬರ್ಲಿ ಅಂದೆ. ಅವರಿಗ್ಯಾಕೆ ತೊಂದರೆ ಅಂದ. ಆಟದಲ್ಲಿ ಒಂದು ದಿನವೂ ಯಾರನ್ನೂ ಬಿಟ್ಟು ಹೋದೋನಲ್ಲ, ನೋಡಿ. ಬಾಗಿಲ ಹತ್ರ ಗಂಟೆಗಟ್ಟಲೆ ಕಾಯ್ತಿದ್ದ. ಊಟಕ್ಕೆ ಕರೆದ್ರೆ, ಅಮ್ಮ, ಇನ್ನೂ ಒಬ್ರು ಬರ್ಬೇಕು ಅನ್ನೋನು. ಮನೆ ಚಾವಣಿಗೆ ಮಾತ್ರ ಒಬ್ಬನೇ ಹೋದ."

"ಈಗ ಆಡೋದು ಯಾರು?" ಎಂದು ಕೇಳಿದಳು ಮಿಸಾವೊ ಅಕ್ಕ.

"ಆಡೋದೇನು ಬಂತು. ವಾರಕ್ಕೊಂದ್ಸಲ ಅವನನ್ನ ಹೊರಗೆ ನಡೆಸ್ತೀನಿ. ಹಾಸಿಗೆ ಬಿಸಿಲಿಗೆ ಹಾಕೋ ಹಂಗೆ. ನಂಗೆ ಗೊತ್ತಿರೋದು ಒಂದೇ ಗುಂಡಿ, ಮುಂದಕ್ಕೆ ನಡೆಯೋದು. ಅವನ ಯಂತ್ರ ಹಾಕಿದ್ರೆ ನಿಮ್ಮ ಗುಂಪೇ ತಾನಾಗಿ ಬರುತ್ತೆ. ನಿಮ್ಮ ಚಿತ್ರ ಅಂದ್ರೆ ಅವನಿಗೆ ಪ್ರಾಣ, ನಿಮ್ಮ ಆರ್ಡರ್ ಪುಟಾನೂ ಉಳಿಸಿಟ್ಟಿದ್ದ. ಅದಕ್ಕೇ ನಿಮ್ಮ ಕೈಲೇ ಬರೆಸಿದ್ದು."

"ಜೌಗಿನಲ್ಲಿ..." ನನ್ನ ಬಾಯಿಂದ ಬಂದುಬಿಟ್ಟಿತು. "ಏಪ್ರಿಲಿನಲ್ಲಿ ಒಂದ್ಸಲ ಅವನು ಓಡಿ ಬಂದ. ಬಿದ್ದವಳನ್ನ ಎತ್ತಿದ."

"ಓಡೋದಾ?" ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಓಡಿಸೋದು ಹೇಗೆ ಅಂತ ನಂಗೆ ಗೊತ್ತಿಲ್ವಲ್ಲಮ್ಮ."

ಹೊರಗೆ ಇಸ್ತ್ರಿಯ ಹಬೆ ಒಮ್ಮೆ ಉಸ್ಸೆಂದಿತು.

ಮಿಸಾವೊ ಅಕ್ಕ ಚಾಪೆಗೆ ಹಣೆ ಹಚ್ಚಿದಳು. ತಪ್ಪನ್ನೆಲ್ಲ ಹೇಳಿದಳು: ಕಲ್ಪಿಸಿ ಬರೆಯಲಿಲ್ಲ, ಬದುಕಿರುವವಳನ್ನು ಬರೆದೆ, ಹೆಸರು ವಯಸ್ಸು ಸಮೇತ. ಅಬಿಕೊ ಅಮ್ಮನ ಕೈ ಚಹಾದ ತಟ್ಟೆಯ ಮೇಲೆ ನಿಂತುಹೋಯಿತು.

"ಆಟದಲ್ಲಿರೋರೆಲ್ಲ ಬರೀ ಗೊಂಬೆಗಳು ಅಂದ್ಕೊಂಡಿದ್ದೆ" ಎಂದರು. "ಹಿಂದೆ ಮನುಷ್ಯರು ಇರ್ತಾರಾ?"

"ಇರ್ತಾರೆ. ದಯವಿಟ್ಟು ಚಿತ್ರ ಇಳಿಸಿಕೊಡಿ."

ಅವರು ಚಹಾದ ತಟ್ಟೆಯನ್ನು ಬದಿಗೆ ಸರಿಸಿದರು. ಆಮೇಲೆ ಬಂದ ಧ್ವನಿ ಗಿರಾಕಿಯ ಜೊತೆ ಮಾತಾಡುವ ಧ್ವನಿಯಾಗಿತ್ತು. "ಎರಡು ವರ್ಷ ಕನಸಲ್ಲಿ ಬೆನ್ನು ಮಾಡಿ ನಿಂತಿದ್ದ. ಕಿಯೊ ಅಂತ ಕರೆದ್ರೂ ತಿರುಗ್ತಿರ್ಲಿಲ್ಲ. ಚಿತ್ರ ತೂಗುಹಾಕಿದ ದಿನ ತಿರುಗಿದ. ನಕ್ಕ. ನಾನು ದಿನಾ ಬೆಳಿಗ್ಗೆ ಅವನ ಹೆಸರಿನ ಜೊತೆ ಅವಳ ಹೆಸರೂ ಹೇಳಿ ಅನ್ನ ಇಡ್ತೀನಿ. ನನ್ನ ಸೊಸೆ. ಈಗ ಇಳಿಸು ಅಂತೀರಾ? ಹೇಗೆ ಇಳಿಸ್ಲಿ? ಅವಳು ಯಾರೋ ಏನೋ, ಆರೋಗ್ಯವಾಗೇ ಇರ್ಬಹುದಲ್ಲ. ಹಳೇ ಕಾಲದ ಮಾತು ಇದೆಲ್ಲ."

ಮುಂದಿನದು ಮಿಸಾವೊ ಅಕ್ಕ ಆಮೇಲೆ ಹೇಳಿದ್ದು; ನನಗೆ ನೆನಪಿಲ್ಲ. ನಾನು ಉತಾಳನ್ನು ತೊಡೆಯಿಂದ ಕೆಳಗಿಳಿಸಿ ಎದ್ದೆನಂತೆ. ಯಾರೋ ಕರೆದವರ ಬಳಿ ಹೋಗುವ ಹಾಗೆ, ತಡವಾಯಿತು ಎನ್ನುವ ಹಾಗೆ, ಟಿ.ವಿ.ಯ ಮುಂದೆ ಹೋಗಿ ನಿಂತೆನಂತೆ. ಪರದೆಯಲ್ಲಿ ಬಾಗಿಲು ತೆರೆದು ಆಚೆಯ ಬಿಳುಪು ಕಾಣುತ್ತಿತ್ತು. ನನ್ನ ಎಡಗೈ ಗಾಜಿನ ಮೇಲಿತ್ತು. ಉತಾ ನನ್ನ ಲಂಗ ಜಗ್ಗಿ ಕಿರುಚುತ್ತಿದ್ದರೂ ನಾನು ಕೆಳಗೆ ನೋಡಲಿಲ್ಲ. ನಾನು, ಅವಳು ಕೆಮ್ಮಿದರೆ ಏಳುವವಳು.

ನನಗೆ ನೆನಪಿರುವುದು ಅಬಿಕೊ ಅಮ್ಮನ ಕೂಗಿನಿಂದ ಮುಂದೆ. ಅವರು ನನ್ನನ್ನಲ್ಲ, ಪರದೆಯನ್ನು ನೋಡಿ ಕೂಗುತ್ತಿದ್ದರು.

"ಕಿಯೊ! ಬೇಡ ಕಣಪ್ಪ! ಅವಳಿಗೆ ಮಗು ಇದೆ ಕಣೋ, ನೋಡೋ, ಇಷ್ಟೇ ಇಷ್ಟು ಮಗು. ಬಿಡೋ ಅವಳನ್ನ. ಅಮ್ಮ ಹೇಳ್ತಿದೀನಿ. ಬಾಗಿಲು ಬಿಡು!"

ಕಂಟ್ರೋಲರ್ ಕಪಾಟಿನ ಮೇಲಿತ್ತು. ಯಾರ ಕೈಯೂ ಅದರ ಮೇಲಿರಲಿಲ್ಲ. ಇದನ್ನು ಮಿಸಾವೊ ಅಕ್ಕ ಇಂದಿಗೂ ಆಣೆ ಮಾಡಿ ಹೇಳುತ್ತಾಳೆ. ಪರದೆಯ ಬಿಲ್ಲುಗಾರ ನಮ್ಮ ಕಡೆ ನೋಡುತ್ತಿದ್ದವನು ಮೆಲ್ಲಗೆ ಬೆನ್ನು ತಿರುಗಿಸಿದ. ಅಮ್ಮ ಬೈದಾಗ ದೊಡ್ಡ ಮಕ್ಕಳು ತಿರುಗುತ್ತಾರಲ್ಲ, ಹಾಗೆ. ಕಲ್ಲಿನ ಬಾಗಿಲು ಮುಚ್ಚಿತು. ಅವನು ಅದರ ಮುಂದೆ ಕೂತುಬಿಟ್ಟ.

ಅಬಿಕೊ ಅಮ್ಮ ಉತಾಳನ್ನು ಎತ್ತಿ ನನ್ನ ತೋಳಿಗೆ ಹಾಕಿದರು. ಅವರ ಕೈ ಇಸ್ತ್ರಿಯ ಬಿಸಿಯಲ್ಲಿತ್ತು.

"ನೀವೇನಾ?" ಎಂದರು. ನಾನು ಉತ್ತರ ಕೊಡುವ ಮೊದಲೇ, "ಬೇಡ, ಹೇಳ್ಬೇಡಿ" ಎಂದರು. "ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಹೋಗ್ತೀನಿ. ಮಗುವಿಗೆ ಹಸಿವಾಗಿರುತ್ತೆ, ಹೊರಡಿ."

ಮರುದಿನ ಚಿತ್ರ ಇಳಿಯಿತು. ಭಿಕ್ಷು ಮಂತ್ರ ಹೇಳಿ ಅಂಗಳದಲ್ಲಿ ಸುಟ್ಟರಂತೆ. ನಾನು ಹೋಗಲಿಲ್ಲ, ಅತ್ತೆ ಬಿಡಲಿಲ್ಲ. ಆದರೆ ಕಿಯೊತಾಕಾನನ್ನು ಹಾಗೆ ಒಂಟಿಯಾಗಿ ಬಿಡುವಂತಿರಲಿಲ್ಲ. ಒಂದು ಸಲ ಮುಕಸಾರಿ ಮಾಡಿಸಿ ಹೆಣ್ಣನ್ನು ತೆಗೆದುಕೊಂಡರೆ ಅವನು ತಾನೇ ಹುಡುಕುತ್ತಾನೆ ಎಂದರು ಅತ್ತೆ. ಮಿಸಾವೊ ಅಕ್ಕ ಮತ್ತೆ ಬರೆಯಬೇಕಿತ್ತು, ಈ ಸಲ ಎಲ್ಲೂ ಇಲ್ಲದವಳನ್ನು. ಮುಖ ಕದಿಯುವವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಹನ್ನೊಂದು ದಿನ ಕೂತಳು. ಬರೆದದ್ದನ್ನೆಲ್ಲ ಅತ್ತೆಗೆ ತೋರಿಸಬೇಕು; ಈ ಊರಿನ ಮುಖಗಳೆಲ್ಲ ಅತ್ತೆಗೆ ಗೊತ್ತು.

"ಇದು ಮೀನಂಗಡಿ ಸೊಸೆ. ಹರಿದುಹಾಕು."

"ಮೂಗು ಬದಲಾಯಿಸಿದೀನಲ್ಲ ಅಮ್ಮ?"

"ಮೂಗು ಬದಲಾಯಿಸಿದ್ರೆ ಮೂಗು ಬದಲಾದ ಮೀನಂಗಡಿ ಸೊಸೆ. ಹರಿ. ಇದು ಟಿ.ವಿ.ಲಿ ಹವಾಮಾನ ಹೇಳೋಳು. ಇದು... ಇದು ನೀನೇ ಅಲ್ವೇನೇ?"

ಮಿಸಾವೊ ಅಕ್ಕ ಕಾಗದ ಹರಿದಳು. ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಹೊಸ ಆರ್ಡರುಗಳನ್ನೆಲ್ಲ ವಾಪಸ್ ಕಳಿಸಿದ್ದಳು. ಕೊನೆಗೆ ದಾರಿ ತೋರಿಸಿದ್ದು ಅಬಿಕೊ ಅಮ್ಮನೇ. ಅವರು ಬಂದು ನೋಡಿ, "ಒಬ್ಬರ ಕೈಲಿ ಬಂದ್ರೆ ಅದು ಯಾರೋ ಒಬ್ಬಳು ಆಗ್ತಾಳೆ. ಮೂರು ಜನ ಬರೆಯೋಣ" ಎಂದರು. ಕಾಗದ ಮೂರು ಮಡಿಕೆ ಮಾಡಿದರು. ಹಣೆ ಕಣ್ಣು ಅತ್ತೆ ಬರೆದು ಮಡಚಿಟ್ಟರು. ಅದನ್ನು ನೋಡದೆ ಮೂಗು ಕೆನ್ನೆ ಅಬಿಕೊ ಅಮ್ಮ ಬರೆದರು. ಎರಡನ್ನೂ ನೋಡದೆ ಬಾಯಿ ಗಲ್ಲ ಮಿಸಾವೊ ಅಕ್ಕ ಬರೆದಳು. ನಾನು ಮುಟ್ಟುವಂತಿರಲಿಲ್ಲ; ಉತಾಳಿಗೆ ಗಂಜಿ ತಿನ್ನಿಸುತ್ತಾ ಅಡುಗೆಮನೆಯಲ್ಲಿದ್ದೆ. ಕಾಗದ ಬಿಡಿಸಿದ ಸದ್ದಾಯಿತು. ಇಣುಕಿ ನೋಡಿದೆ. ಕಣ್ಣು ಒಂದಕ್ಕಿಂತ ಒಂದು ಮೇಲೆ, ಮೂಗು ಚಿಕ್ಕದು, ಬಾಯಿ ಏನೋ ಹೇಳಲು ಹೊರಟಂತೆ. ಚೆಲುವೆಯಲ್ಲ. ಆದರೆ ಅವಳು ನಮ್ಮ ನಾಲ್ವರನ್ನೂ ನೋಡುತ್ತಿದ್ದಳು, ನಾವು ಯಾರೂ ಅವಳನ್ನು ಎಂದೂ ನೋಡಿರಲಿಲ್ಲ.

"ಇವಳು ಯಾರೂ ಅಲ್ಲ" ಎಂದರು ಅತ್ತೆ.

ಅವಳಿಗಿಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಹೊಸ ಚಿತ್ರ ಜುಲೈ ಕೊನೆಗೆ ಗೋಡೆ ಏರಿತು. ಆ ದಿನದಿಂದ ನಾನು ಮಲಗಿದಲ್ಲೇ ಏಳುತ್ತಿದ್ದೇನೆ. ಅಬಿಕೊ ಅಮ್ಮ ಮಗನ ಯಂತ್ರವನ್ನು ಪೆಟ್ಟಿಗೆಗೆ ಹಾಕಿದರು ಎಂದು ಮಿಸಾವೊ ಅಕ್ಕ ಹೇಳಿದಳು. ಅವಳ ಆರ್ಡರ್ ಪುಟದಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ: ಚಿತ್ರದಲ್ಲಿರುವವರು ಬದುಕಿದ್ದಾರೆಯೇ? ಗಿರಾಕಿಗಳು ತಮಾಷೆ ಎಂದುಕೊಂಡು ನಗುವ ಮುಖದ ಚಿಹ್ನೆ ಕಳಿಸುತ್ತಾರೆ. ಅವಳು ಉತ್ತರ ಬರುವವರೆಗೂ ಗೆರೆ ಎಳೆಯುವುದಿಲ್ಲ. ನಾವು ಆಡುವುದನ್ನೂ ಬಿಟ್ಟಿಲ್ಲ. ಮೂರನೆಯವರು ಬಂದರೆ, "ಮೊದಲು ಒಂದು ಮಾತಾಡಿ" ಎನ್ನುತ್ತೇವೆ. ನನ್ನ ದೀಪದವಳ ಹೆಸರು ಬದಲಾಯಿಸಿದ್ದೇನೆ.

ಮೂವರೂ ಆ ಮುಖ ಬರೆದ ದಿನ, ತಮ್ಮ ಊರಿಗೆ ಹೊರಡುವಾಗ, ಅಬಿಕೊ ಅಮ್ಮ ಬಸ್ ನಿಲ್ದಾಣದವರೆಗೂ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಡೆದು, ನನ್ನ ಮುಖ ನೋಡದೆ ಹೇಳಿದ್ದರು. "ಅನ್ನ ಇಡೋವಾಗ ಆ ಹಳೇ ಹೆಸರು ದಿನಾ ಬೆಳಿಗ್ಗೆ ಬಾಯಿಗೆ ಬರುತ್ತೆ. ನುಂಗ್ತೀನಿ. ಇನ್ನು ಸ್ವಲ್ಪ ದಿನ ಬೇಕು. ಅಲ್ಲೀವರೆಗೆ ಎಲ್ಲಾದ್ರೂ ಸಿಕ್ಕಿದ್ರೆ ಮಾತಾಡಿಸ್ಬೇಡಿ. ನಾನೂ ಮಾತಾಡ್ಸಲ್ಲ. ನಮ್ಮ ನಡುವೆ ಏನೂ ಇರ್ಬಾರ್ದು. ಪರಿಚಯವೂ."

ನಿನ್ನೆ ಸಗಾಯೆಯ ದೊಡ್ಡ ಅಂಗಡಿಯಲ್ಲಿ ಸೋಯಾ ಸಾಸಿನ ಸಾಲಿನಲ್ಲಿ ಎದುರಾದರು. ಕೈಗಾಡಿಯಲ್ಲಿ ಒಬ್ಬರಿಗಾಗುವಷ್ಟು ಮೀನು, ಒಂದು ಬದನೆಕಾಯಿ. ಉತಾ ಗುರುತು ಹಿಡಿದು ಎರಡೂ ಕೈ ಚಾಚಿದಳು. ಅವರ ಮುಖದಲ್ಲಿ ಏನೋ ಎದ್ದಿತು, ಬಾಯಿ ಅರ್ಧ ತೆರೆಯಿತು. ಆ ಹೆಸರು ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಅವರು ತುಟಿ ಮುಚ್ಚಿ ನುಂಗಿದರು, ಗಂಟಲು ಇಳಿದದ್ದು ಕಾಣಿಸಿತು. ಕೈಗಾಡಿ ತಿರುಗಿಸಿ ಅಕ್ಕಿಯ ಸಾಲಿಗೆ ಹೋದರು. ಓಡಿಹೋಗಿ ಆ ತೋಳು ಹಿಡಿದುಕೊಳ್ಳಬೇಕು ಎನಿಸಿತು ನನಗೆ. ಉತಾಳ ಚಾಚಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ಬೇಕಾಗಿಲ್ಲದಿದ್ದರೂ ಒಂದು ಬಾಟಲಿ ಸೋಯಾ ಸಾಸು ತೆಗೆದುಕೊಂಡೆ.